ನಮ್ಮ ಕಾಲೇಜಿನಲ್ಲಿ ಏನೂ ನಡೆದಿಲ್ಲ

ಕಳವೂ ಆಗದ, ಬೆಂಕಿಯೂ ಬೀಳದ ಕಾಲೇಜು ಎಲ್ಲಾದರೂ ಇದ್ದರೆ ಅದು ವಾರ್ಷಿಕ ವರದಿಯೊಳಗೆ ಮಾತ್ರ. ಆ ವರದಿ ಬರೆಯುವವನು ನಾನು. ಭಾಂಡುಪ್‌ನ ಒಂದು ಖಾಸಗಿ ಕಾಲೇಜಿನಲ್ಲಿ ಸುರಕ್ಷತಾ ಅಧಿಕಾರಿ. ಹುದ್ದೆಯ ಹೆಸರು ದೊಡ್ಡದು, ಕುರ್ಚಿ ಮಾತ್ರ ಝೆರಾಕ್ಸ್ ಮೆಷಿನ್ನಿನ ಪಕ್ಕ.

ವರ್ಷಕ್ಕೊಮ್ಮೆ ಕ್ಯಾಂಪಸ್ಸಿನಲ್ಲಿ ಎಷ್ಟು ಕಳವಾಯಿತು, ಎಷ್ಟು ಹೊಡೆದಾಟವಾಯಿತು, ಎಷ್ಟು ಸಲ ಬೆಂಕಿ ಬಿತ್ತು ಎಂದು ಬರೆದು ಕೊಡಬೇಕು. ಅದು ವೆಬ್‌ಸೈಟಿಗೆ ಹೋಗುತ್ತದೆ, ಅಡ್ಮಿಷನ್ನಿಗೆ ಬರುವ ಅಪ್ಪ ಅಮ್ಮ ಓದುತ್ತಾರೆ. ಹಾಗಾಗಿ ನಮ್ಮ ಪ್ರಿನ್ಸಿಪಾಲರಿಗೆ ಎಲ್ಲ ಕಡೆಯೂ ಸೊನ್ನೆಯೇ ಬೇಕು. ಅವರು ಮಾತಾಡುವುದು ಅರ್ಧ ಮರಾಠಿ, ಅರ್ಧ ಇಂಗ್ಲಿಷ್. ಇಲ್ಲಿಯವರ ಮಾತನ್ನೆಲ್ಲ ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ, ಅಷ್ಟೆ. ಇಂಥ ಕಡೆ ಕೆಲಸಕ್ಕಿದ್ದವನಿಗೆ ನಗಲು ಬೇರೆ ಕಾರಣ ಹುಡುಕುವ ತಾಪತ್ರಯವಿಲ್ಲ.

ಸ್ಥಳಾಂತರ

ನಾನು ಸೇರಿದ ಹೊಸತರಲ್ಲಿ ಲೈಬ್ರರಿಯಿಂದ ಒಬ್ಬ ವಿದ್ಯಾರ್ಥಿಯ ಲ್ಯಾಪ್‌ಟಾಪ್ ಹೋಯಿತು. ‘ಕಳವು’ ಎಂದು ಬರೆದೆ. ಪ್ರಿನ್ಸಿಪಾಲರು ನನ್ನನ್ನು ಒಳಗೆ ಕರೆಸಿದರು.

“ಕಳವು ಅಂತ ಹೇಗೆ ಬರೆದ್ರಿ? ಕಳ್ಳನನ್ನ ನೋಡಿದ್ರಾ?”

“ಇಲ್ಲ ಸರ್.”

“ಕಳ್ಳನೇ ಇಲ್ಲದೆ ಕಳವು ಹೇಗಾಗುತ್ತೆ? ವಸ್ತು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗಿದೆ. ‘ಸ್ಥಳಾಂತರ’ ಅಂತ ಬರೀರಿ.”

ಅಂದಿನಿಂದ ನಮ್ಮಲ್ಲಿ ಎಲ್ಲವೂ ಸ್ಥಳಾಂತರವಾಗತೊಡಗಿದವು. ಮೊಬೈಲು, ಹೆಲ್ಮೆಟ್ಟು, ಲ್ಯಾಬಿನ ತಕ್ಕಡಿ, ಕೊನೆಗೆ ಗಾರ್ಡಿನ ಕ್ಯಾಬಿನ್ನಿನ ಫ್ಯಾನು ಕೂಡ.

ಒಂದು ದಿನ ಸರಸ್ವತಿ ಪೂಜೆ. ಹಾಲಿನ ಹೊರಗೆ ಎಲ್ಲರೂ ಚಪ್ಪಲಿ ಬಿಟ್ಟಿದ್ದರು. ಪೂಜೆ ಮುಗಿಸಿ ಬಂದ ಪ್ರಿನ್ಸಿಪಾಲರಿಗೆ ತಮ್ಮ ಹೊಸ ಬೂಟು ಕಾಣಲಿಲ್ಲ. ಕಾಲುಚೀಲದಲ್ಲೇ ವರಾಂಡಾದ ತುಂಬ ಓಡಾಡಿದರು. “ಚೋರಿ! ಹಾಡಹಗಲಲ್ಲಿ ಕಳ್ಳತನ! ಪೊಲೀಸರನ್ನ ಕರೀರಿ!”

ನಾನು ಪೆನ್ನು ತೆಗೆದು ಮೆಲ್ಲಗೆ ಕೇಳಿದೆ, “ಸರ್, ಕಳ್ಳನನ್ನ ನೋಡಿದ್ರಾ?”

ಅವರು ನನ್ನನ್ನು ಒಂದು ಸಲ ನೋಡಿದರು. ಅವತ್ತು ಸಂಜೆ ಮಾಲಿಯ ಗಮ್‌ಬೂಟು ತೊಟ್ಟುಕೊಂಡು ದಾದರಿನ ಸ್ಲೋ ಲೋಕಲ್ ರೈಲು ಹತ್ತಿದರು.

ಗೇಟಿನ ಗೆರೆ

ನಮ್ಮ ಗೇಟಿನ ಗಾರ್ಡ್ ಕಲಬುರಗಿ ಕಡೆಯ ಹೆಣ್ಣುಮಗಳು. ವಿದ್ಯಾರ್ಥಿಗಳಿಂದ ಹಿಡಿದು ಪ್ರಿನ್ಸಿಪಾಲರವರೆಗೆ ಎಲ್ಲರಿಗೂ ಅವರು ಅಕ್ಕ. ಗಟ್ಟಿ ದನಿ, ಗಟ್ಟಿ ರಟ್ಟೆ.

ಒಂದು ಬೆಳಿಗ್ಗೆ ಅಕ್ಕನ ಜೊತೆ ಮೊದಲ ವರ್ಷದ ಹುಡುಗಿಯೊಬ್ಬಳು ನನ್ನ ಮೇಜಿನ ಹತ್ತಿರ ಬಂದಳು. ಇಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗಿ. ಮುಖ ಬಿಳಿಚಿತ್ತು.

“ಅಂಕಲ್, ಒಬ್ಬ ಆದ್ಮಿ ರೋಜ್ ಸ್ಟೇಷನ್‌ನಿಂದ ನನ್ನ ಹಿಂದೆ ಬರ್ತಾನೆ. ಗೇಟ್ ತಕ್. ಆಮೇಲೆ ಅಲ್ಲೇ ನಿಂತು ನೋಡ್ತಾನೆ. ಮನೆಯಲ್ಲಿ ಹೇಳಿದ್ರೆ ಕಾಲೇಜೇ ಬಂದ್ ಮಾಡಿಸ್ತಾರೆ.”

ನಾನು ಇಬ್ಬರನ್ನೂ ಕರೆದುಕೊಂಡು ಪ್ರಿನ್ಸಿಪಾಲರ ಹತ್ತಿರ ಓಡಿದೆ. ಅವರು ಕಿಟಕಿಯಿಂದ ಹೊರಗೆ ನೋಡಿದರು. ಆ ಮನುಷ್ಯ ಗೇಟಿನಾಚೆ ಕಂಬಕ್ಕೆ ಒರಗಿ ನಿಂತಿದ್ದ.

“ಅವನು ನಿಂತಿರೋದು ರಸ್ತೆ ಮೇಲೆ. ರಸ್ತೆ ನಮ್ಮದಲ್ಲ. ಒಳಗೆ ಬಂದಿದ್ರೆ ಮಾತು ಬೇರೆ. ಹೊರಗಿರೋವರೆಗೆ ಅದು ಕ್ಯಾಂಪಸ್ ಅಪರಾಧ ಆಗಲ್ಲ, ಬರೆಯೋ ಹಾಗಿಲ್ಲ.”

ಹುಡುಗಿಯ ಕಣ್ಣು ತುಂಬಿತು. ಅಕ್ಕ ಅವಳನ್ನೂ ನೋಡಿದರು, ಪ್ರಿನ್ಸಿಪಾಲರನ್ನೂ ನೋಡಿದರು. “ಒಳಗ ಬಂದ್ರ ಬರೀತೀರೇನ್ರಿ ಸರ?” ಎಂದು ಕೇಳಿದರು.

“ಹೌದು. ಒಳಗೆ ಬಂದ್ರೆ ಪೊಲೀಸರನ್ನೂ ಕರೀತೀವಿ.”

ಅಕ್ಕ ಸರಸರ ಇಳಿದು ಹೋದರು. ನಾವು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆವು. ಗೇಟು ದಾಟಿದವರೇ ಆ ಮನುಷ್ಯನ ಕಾಲರು ಹಿಡಿದು, ಜೋಳದ ಚೀಲ ಎಳೆದ ಹಾಗೆ ದರದರ ಎಳೆದು ಗೇಟಿನೊಳಗೆ ತಂದು ನಿಲ್ಲಿಸಿದರು. ಆಮೇಲೆ ಮೇಲೆ ನೋಡಿ ಇಡೀ ಭಾಂಡುಪ್ಪಿಗೆ ಕೇಳುವ ಹಾಗೆ ಕೂಗಿದರು:

“ಈಗ ಒಳಗ ಬಂದಾನ್ರಿ ಸರ! ಬರ್ಕೋರಿ!”

ಬರೆದುಕೊಂಡೆವು. ಪೊಲೀಸರೂ ಬಂದರು, ಅವನನ್ನು ಕರೆದೊಯ್ದರು. ಆ ಹುಡುಗಿ ಕಾಲೇಜು ಬಿಡಲಿಲ್ಲ. ಆ ವರ್ಷ ನಮ್ಮ ಒಂದು ಸೊನ್ನೆ ಹೋಯಿತು. ಪ್ರಿನ್ಸಿಪಾಲರು ವಾರವಿಡೀ ಅಕ್ಕನನ್ನು ಕಂಡರೆ ಗೋಡೆಗೆ ಅಂಟಿಕೊಂಡೇ ನಡೆಯುತ್ತಿದ್ದರು. ಎಲ್ಲಿ ತಮ್ಮನ್ನೂ ಎಳೆದುಬಿಡುತ್ತಾರೋ ಎಂದು.

ಬೀಗದ ಕೈ

ಅಗ್ನಿ ಸುರಕ್ಷತೆಯ ತಪಾಸಣೆಗೆ ಒಬ್ಬ ಅಧಿಕಾರಿ ಬಂದರು. ಶಾಂತ ಸ್ವಭಾವದ ಮನುಷ್ಯ. ತುರ್ತು ಬಾಗಿಲ ಮುಂದೆ ನಿಂತು ಅದಕ್ಕೆ ಜೋತುಬಿದ್ದಿದ್ದ ಬೀಗವನ್ನು ಮುಟ್ಟಿ ನೋಡಿದರು.

“ಇದಕ್ಕೆ ಬೀಗ ಯಾಕೆ?”

“ಸ್ಟೂಡೆಂಟ್ಸ್ ಇದರಿಂದಲೇ ಕ್ಲಾಸು ತಪ್ಪಿಸಿಕೊಂಡು ಹೋಗ್ತಾರೆ,” ಎಂದರು ಪ್ರಿನ್ಸಿಪಾಲರು.

“ಬೀಗದ ಕೈ?”

“ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿದೆ. ಬೆಂಕಿ ಬಿದ್ದರೆ ಗಾಜು ಒಡೆದು ತೆಗೀಬಹುದು.”

“ಪೆಟ್ಟಿಗೆಗೆ ಗ್ರಿಲ್ ಹಾಕಿದ್ದೀರಲ್ಲ?”

“ಗಾಜು ಒಡೀತಾರೆ ಸರ್. ಅದಕ್ಕೇ ಗ್ರಿಲ್ ಹಾಕಿಸಿ ಅದಕ್ಕೂ ಬೀಗ ಹಾಕಿದ್ದೇವೆ.”

“ಆ ಬೀಗದ ಕೈ?”

“ಸ್ಟೋರಿನವರ ಹತ್ತಿರ.”

“ಅವರೆಲ್ಲಿ?”

“ಊರಿಗೆ ಹೋಗಿದ್ದಾರೆ.”

ಅಧಿಕಾರಿ ಒಂದು ಉಸಿರು ಬಿಟ್ಟು, ಬೆಂಕಿ ಆರಿಸುವ ಸಿಲಿಂಡರ್‌ಗಳು ಎಲ್ಲಿ ಎಂದು ಕೇಳಿದರು. ಅವೂ ಸ್ಟೋರಿನಲ್ಲೇ ಇದ್ದವು, ಸುರಕ್ಷಿತವಾಗಿ.

“ನೀವು ಸುಮ್ಮನೆ ಹೆದರ್ತೀರಿ,” ಎಂದು ಪ್ರಿನ್ಸಿಪಾಲರು ನಕ್ಕರು. “ಇಲ್ಲಿಯವರೆಗೆ ನಮ್ಮಲ್ಲಿ ಬೆಂಕಿಯೇ ಬಿದ್ದಿಲ್ಲ.”

“ಹೇಗೆ ಬೀಳುತ್ತೆ ಸರ್?” ಎಂದರು ಅಧಿಕಾರಿ. “ಪಾಪ, ಅದಕ್ಕೂ ಒಳಗೆ ಬರೋಕೆ ದಾರಿ ಬೇಕಲ್ಲ?”

ಹೀಗೆ ಹೇಳಿ ನಗುನಗುತ್ತಲೇ ನೋಟಿಸ್ ಕೊಟ್ಟು ಹೋದರು. ಬೀಗ ಮುರಿದೆವು, ಸಿಲಿಂಡರ್‌ಗಳು ಗೋಡೆ ಹತ್ತಿದವು.

ಡ್ರಿಲ್

ನೋಟಿಸಿನ ಬಿಸಿಗೆ ಡ್ರಿಲ್ ಕೂಡ ಆಯಿತು. ಗಂಟೆ ಬಾರಿಸಿದ ಕೂಡಲೇ ಎಲ್ಲರೂ ಕಟ್ಟಡದಿಂದ ಹೊರಗೆ ಬಂದು ಹಸಿರು ಬೋರ್ಡಿರುವ ಜಾಗದಲ್ಲಿ ಸೇರಬೇಕು.

ಗಂಟೆ ಹೊಡೆಯಿತು. ನಾನು ಮೊದಲು ಕ್ಯಾಂಟೀನಿಗೆ ಓಡಿದೆ. ಅಲ್ಲಿ ಯಾರೂ ಎದ್ದಿರಲಿಲ್ಲ. ಕ್ಯಾಂಟೀನಿನ ಯಜಮಾನರು ಉಡುಪಿ ಕಡೆಯವರು, ಕಾವಲಿಯ ಮುಂದೆ ನಿಂತಿದ್ದರು.

“ಏಳಿಸಿ ಮಾರಾಯ್ರೆ, ಬೆಂಕಿ!” ಎಂದೆ.

“ಎಂಥದು ಮಾರಾಯ್ರೆ, ಮೊದಲೇ ಹೇಳ್ಲಿಕ್ಕಾಗುದಿಲ್ವಾ? ದೋಸೆ ಹೊಯ್ದಾಯ್ತಲ್ಲ! ಇದೊಂದು ಏಳ್ಲಿ, ಮತ್ತೆ ನಾವೂ ಏಳುವ.”

ಅತ್ತ ಕ್ಲಾಸುಗಳಿಂದ ಹೊರಟ ವಿದ್ಯಾರ್ಥಿಗಳು ಹಸಿರು ಬೋರ್ಡಿನ ಹತ್ತಿರ ಹೋದರೆ, ಆ ಜಾಗದಲ್ಲಿ ಟ್ರಸ್ಟಿಯವರ ಹೊಸ ಕಾರು ನಿಂತಿತ್ತು. ಡ್ರೈವರು ಎರಡೂ ಕೈ ಚಾಚಿ ಅಡ್ಡ ನಿಂತ. “ಏ, ಪೀಛೆ ಹಟೋ! ಸ್ಕ್ರಾಚ್ ಬಿದ್ದರೆ ನನ್ನ ನೌಕರಿ ಹೋಗುತ್ತೆ!” ಹೊರಗೆ ಸುಡುಬಿಸಿಲು ಬೇರೆ. ಎಲ್ಲರೂ ತಿರುಗಿ ಕಟ್ಟಡದೊಳಗೇ ಹೋಗಿ ಮೆಟ್ಟಿಲ ಕೆಳಗೆ ನೆರಳಿನಲ್ಲಿ ನಿಂತರು.

ಡ್ರಿಲ್ಲಿನ ಲೆಕ್ಕದಲ್ಲಿ ಇಡೀ ಕಾಲೇಜು ಬೆಂಕಿಯೊಳಗಿತ್ತು. ಬಚಾವಾದದ್ದು ಕಾರು ಒಂದೇ.

ಉದ್ಘಾಟನೆ

ಕೊನೆಯದು ನಾನೇ ಸಿಕ್ಕಿಬಿದ್ದ ಕಥೆ. ಅಗ್ನಿ ಸುರಕ್ಷತಾ ಸಪ್ತಾಹದ ಉದ್ಘಾಟನೆ. ಸಭಾಂಗಣ ಭರ್ತಿ. ನಾಟಕ ವಿಭಾಗದ ವಿದ್ಯಾರ್ಥಿಗಳು ವೇದಿಕೆಯ ಹಿಂದೆ ಕೆಂಪು, ಹಳದಿ ಕಾಗದ ಕತ್ತರಿಸಿ ದೊಡ್ಡ ದೊಡ್ಡ ಜ್ವಾಲೆ ಮಾಡಿ ಅಂಟಿಸಿದ್ದರು. ಮುಖ್ಯ ಅತಿಥಿಗಳು ಅಗ್ನಿಶಾಮಕ ದಳದಿಂದ ನಿವೃತ್ತರಾದ ಹಿರಿಯರು.

ದೀಪ ಹಚ್ಚಲು ಹೋದರೆ ಫ್ಯಾನಿನ ಗಾಳಿಗೆ ಬತ್ತಿ ಹತ್ತಲೇ ಇಲ್ಲ. ಪ್ರಿನ್ಸಿಪಾಲರು ಉತ್ಸಾಹದಿಂದ ಒಂದು ಮುಷ್ಟಿ ಕರ್ಪೂರ ಸುರಿದರು. ದೀಪ ಭಗ್ಗೆಂದಿತು. ಫ್ಯಾನು ಅದನ್ನು ಪಕ್ಕದ ಹೂವಿನ ಮಾಲೆಗೆ ದಾಟಿಸಿತು, ಮಾಲೆ ಕಾಗದದ ಜ್ವಾಲೆಗೆ ದಾಟಿಸಿತು. ಕಾಗದದ ಬೆಂಕಿಗೆ ನಿಜವಾದ ಬೆಂಕಿ ಹತ್ತಿತು.

ಸಭಿಕರು ಚಪ್ಪಾಳೆ ಹೊಡೆದರು. “ಕಾಯ್ ಎಫೆಕ್ಟ್ ಆಹೇ, ಏನು ಎಫೆಕ್ಟು!” ಎಂದು ಎಲ್ಲರೂ ಮೊಬೈಲು ಎತ್ತಿ ವಿಡಿಯೋ ಮಾಡತೊಡಗಿದರು.

ನಾನು ವೇದಿಕೆಗೆ ಹಾರಿ ಕೂಗಿದೆ: “ಬೆಂಕಿ! ಬೆಂಕಿ! ಎಲ್ಲರೂ ಹೊರಗೆ ಹೋಗಿ!”

ನಿರೂಪಣೆ ಮಾಡುತ್ತಿದ್ದ ಇಂಗ್ಲಿಷ್ ಮೇಡಂ ಗಾಬರಿಯಿಂದ ಕೈಯಲ್ಲಿದ್ದ ಕಾಗದವನ್ನೊಮ್ಮೆ ನೋಡಿ, ಮೈಕಿನಲ್ಲಿ ನಯವಾಗಿ ಹೇಳಿದರು: “ಈಗ ನಮ್ಮ ಸುರಕ್ಷತಾ ಅಧಿಕಾರಿಗಳಿಂದ ಒಂದು ಕಿರುನಾಟಕ.”

ಚಪ್ಪಾಳೆ ಇನ್ನೂ ಜೋರಾಯಿತು. “ನಾಟಕ ಅಲ್ಲ! ನಿಜವಾದ ಬೆಂಕಿ! ಕಾಪಾಡಿ!” ಎಂದು ಮೈ ಕೈ ಕುಣಿಸಿ ಅರಚಿದೆ. ಮುಂದಿನ ಸಾಲಿನಲ್ಲಿದ್ದ ಟ್ರಸ್ಟಿಯವರು ಪಕ್ಕದವರಿಗೆ, “ಸ್ವಲ್ಪ ಓವರ್ ಆಕ್ಟಿಂಗ್,” ಎನ್ನುವುದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಪುಣ್ಯಕ್ಕೆ ಮುಖ್ಯ ಅತಿಥಿಗಳಿಗೆ ಬೆಂಕಿಯ ಗುರುತಿತ್ತು. ಆ ವಯಸ್ಸಿನಲ್ಲೂ ಒಂದೇ ನೆಗೆತಕ್ಕೆ ಗೋಡೆಯ ಸಿಲಿಂಡರ್ ಕಿತ್ತು ಬುಸ್ಸೆಂದು ಬಿಳಿ ಪುಡಿ ಬಿಟ್ಟರು. ಬೆಂಕಿ ಆರಿತು. ಹೊಗೆ ಇಳಿದಾಗ ವೇದಿಕೆಯ ಮೇಲೆ ನಾನು, ಮೇಡಂ, ಪ್ರಿನ್ಸಿಪಾಲರು ಮೂವರೂ ಮೈದಾಹಿಟ್ಟಿನಲ್ಲಿ ಹೊರಳಿದ ಹಾಗೆ ಬೆಳ್ಳಗೆ ನಿಂತಿದ್ದೆವು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕೂದಲು ಕೊಂಕದೆ ಎಲ್ಲರೂ ಮನೆಗೆ ಹೋದರು.

ಮರುದಿನ ನಾಟಕ ವಿಭಾಗದ ಮುಖ್ಯಸ್ಥರು ನನ್ನನ್ನು ಹುಡುಕಿಕೊಂಡು ಬಂದು ಕೈ ಕುಲುಕಿದರು.

“ಅದ್ಭುತ ಅಭಿನಯ! ಆ ಭಯ, ಆ ನಡುಕ! ಇಂಟರ್‌ಕಾಲೇಜ್ ಸ್ಪರ್ಧೆಗೆ ನಿಮ್ಮ ಹೆಸರು ಕೊಟ್ಟಿದ್ದೇನೆ. ಒಂದೇ ಒಂದು ಮಾತು, ತಪ್ಪು ತಿಳೀಬೇಡಿ.”

“ಹೇಳಿ ಸರ್.”

“ಬೆಂಕಿ ಮಾತ್ರ ನಕಲಿ ಅಂತ ಗೊತ್ತಾಗ್ತಿತ್ತು.”