‘ಕಡಿಮೆ ಅಪಾಯ’ ಕಾರ್ಡನ್ನು ಹಿಂದಿರುಗಿಸುವ ಬಗ್ಗೆ

ಇಂದ:
ದಿವ್ಯ ಎಸ್., ಬಿ.ಎಸ್ಸಿ.,
ಸಾರಕ್ಕಿ, ಬೆಂಗಳೂರು

ಗೆ:
ಡಾ. ಸಂಜೀವಯ್ಯನವರು,
ಚಾರಣ ತಂಡದ ವೈದ್ಯರು, ಜಯನಗರ

ವಿಷಯ: ಹದಿಮೂರು ಸಾವಿರ ಅಡಿಯ ಹಿಮಾಲಯ ಚಾರಣಕ್ಕೆ ಮುನ್ನ ನನಗೆ ನೀಡಿರುವ ‘ಎತ್ತರದ ಕಾಯಿಲೆ: ಕಡಿಮೆ ಅಪಾಯ’ ಕಾರ್ಡನ್ನು ರದ್ದುಪಡಿಸುವ ಕುರಿತು.

ಉಲ್ಲೇಖ: ನನ್ನ ದಿನಚರಿ, ಭಾನುವಾರದ ಪುಟ: “ಡಾಕ್ಟರ ಹತ್ತಿರ ಸುಳ್ಳು ಹೇಳಿಬಿಟ್ಟೆ. ಈಗ ಬಾಯಿ ಬಿಟ್ಟರೆ ಕಷ್ಟ, ಬಿಡದಿದ್ದರೆ ಇನ್ನೂ ಕಷ್ಟ.”

ಮಾನ್ಯರೇ,

೧. ಭಾನುವಾರದ ತಪಾಸಣೆಯಲ್ಲಿ ತಾವು ಹದಿನಾಲ್ಕು ಜನರೆದುರು, “ಹಿಂದೆ ಎತ್ತರದ ಜಾಗಕ್ಕೆ ಹೋದಾಗ ಹುಷಾರ್ ತಪ್ಪಿತ್ತಾ?” ಎಂದು ಕೇಳಿದಿರಿ. ನನಗಿಂತ ಮುಂದಿದ್ದ ಎಲ್ಲರೂ “ಇಲ್ಲ” ಎಂದಿದ್ದರು. ಆದಕಾರಣ ನಾನೂ “ಇಲ್ಲ ಸಾರ್” ಎಂದೆ. ತಾವು “ವೆರಿ ಗುಡ್, ನೆಕ್ಸ್ಟ್” ಎಂದಿರಿ.

೨. ವಾಸ್ತವಾಂಶ: ಹೋದ ವರ್ಷ ಲೇಹ್‌ನಲ್ಲಿ ನನಗೆ ಎರಡು ದಿನ ತಲೆನೋವು, ವಾಂತಿ. ಜೊತೆಗೆ ಬಂದಿದ್ದ ಚಿಕ್ಕಪ್ಪ ದೇವರಾಜ್ ಕೇಳಿದಾಗಲೆಲ್ಲ “ಏನಿಲ್ಲ ಚಿಕ್ಕಪ್ಪ, ನಿದ್ದೆ ಸಾಲ್ದು” ಎಂದೆ. ಮೂರನೇ ದಿನ ಬಲಗಾಲಿಗೆ ಎಡಗಾಲಿನ ಶೂ ಹಾಕಿಕೊಂಡು, ಗೋಡೆಗೆ ಡಿಕ್ಕಿ ಹೊಡೆದು, ಗೋಡೆಗೇ “ಸಾರಿ ಅಂಕಲ್” ಎಂದೆ. ಆದ್ದರಿಂದ ಆಸ್ಪತ್ರೆಗೆ ದಾಖಲಾದೆ.

೩. ಒಮ್ಮೆ ಹೀಗಾದವರಿಗೆ ಮತ್ತೆ ಆಗುವ ಸಂಭವ ಹೆಚ್ಚೆಂದು ಅದೇ ತಪಾಸಣೆಯಲ್ಲಿ ತಾವೇ ತಿಳಿಸಿದಿರಿ. ನಾನು ಅದನ್ನು ಅಂದವಾಗಿ ಬರೆದುಕೊಂಡೆ. ಕೈ ಎತ್ತಲಿಲ್ಲ.

೪. ನನ್ನ ಶ್ವಾಸಕೋಶಕ್ಕಿಂತ ಬಾಯಿ ಹೆಚ್ಚು ಅಪಾಯಕಾರಿ. ಬಸ್ಸಿನ ಬಾಗಿಲಲ್ಲಿ ನಿಂತವರಿಗೆ “ಸ್ವಲ್ಪ ಜಾಗ ಬಿಡಿ” ಎನ್ನಲಾಗದೆ, ಸಾರಕ್ಕಿಯಲ್ಲಿ ಇಳಿಯಬೇಕಾದವಳು ಕುಮಾರಸ್ವಾಮಿ ಲೇಔಟ್‌ವರೆಗೂ ಹೋಗಿ ನಡೆದು ಬಂದದ್ದು ಈ ತಿಂಗಳಲ್ಲೇ ಮೂರು ಸಲ.

೫. ಇಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಆದರೆ ‘ಕಡಿಮೆ ಅಪಾಯ’ದವಳೆಂಬ ಕಾರಣಕ್ಕೆ, ಬಿಟಿಎಂನ ಭಾಗ್ಯಜ್ಯೋತಿಯವರನ್ನು ಬೆಟ್ಟದಲ್ಲಿ ನೋಡಿಕೊಳ್ಳುವ ಹೊಣೆಯನ್ನು ತಾವು ನನಗೆ ವಹಿಸಿದ್ದೀರಿ. ಅವರಿಗೆ ಇದೇ ಮೊದಲ ಚಾರಣ. ನನ್ನ ಕೈ ಹಿಡಿದು, “ನೀವದೀರಲ್ರೀ ಅಕ್ಕಾ, ನಂಗೇನ್ ಹೆದ್ರಿಕಿ ಇಲ್ಲ ಬಿಡ್ರಿ” ಎಂದರು. ಅಂದಿನಿಂದ ನನಗೆ ಜಯನಗರದಲ್ಲೇ ಉಸಿರು ಕಟ್ಟುತ್ತಿದೆ.

ಆದ್ದರಿಂದ ಸದರಿ ಕಾರ್ಡನ್ನು ರದ್ದುಪಡಿಸಿ, ಭಾಗ್ಯಜ್ಯೋತಿಯವರನ್ನು ಬಾಯಿ ಇರುವ ಯಾರಿಗಾದರೂ ವಹಿಸಿ, ನನ್ನನ್ನು ಬಾಗಿಲು ಹಾಕಿದ ಕೋಣೆಯಲ್ಲಿ ಲಿಖಿತವಾಗಿ ಮರುಪರೀಕ್ಷಿಸಬೇಕೆಂದು ಕೋರುತ್ತೇನೆ. ಉತ್ತರವನ್ನು ಅಂಚೆಯಲ್ಲಿ ಕಳುಹಿಸಬಹುದು. ಫೋನ್ ಬೇಡ.

ಭಾನುವಾರದ ಉತ್ತರ ಹೊರತುಪಡಿಸಿ,
ತಮ್ಮ ವಿಶ್ವಾಸಿ,
ದಿವ್ಯ

ಅಡಕಗಳು: ಕಾರ್ಡ್ (ಅಸಲು), ಲೇಹ್ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ದಿನಚರಿಯ ಜೆರಾಕ್ಸ್ (ಕೊನೆಯ ಎರಡು ಸಾಲು ಮುಚ್ಚಿದೆ).

ವಿ.ಸೂ. (ಸಲ್ಲಿಸಿದ ನಂತರ ಸೇರಿಸಿದ್ದು): ಅರ್ಜಿ ಕೈಗಿತ್ತಾಗ ತಾವು ಜೇಬು ತಡವಿ, “ಕನ್ನಡಕ ಮನೇಲೇ ಬಿಟ್ ಬಂದಿದ್ದೀನಮ್ಮ. ಏನ್ ಬರ್ದಿದ್ದೀಯ, ನೀನೇ ಹೇಳ್ಬಿಡು” ಎಂದಿರಿ. ಹಿಂದಿನ ಬೆಂಚಿನಲ್ಲಿ ಭಾಗ್ಯಜ್ಯೋತಿಯವರೂ ಕೂತಿದ್ದರು. ನಾನು ಹೇಳಿದ್ದನ್ನು ದಾಖಲೆಗಾಗಿ ಇಲ್ಲಿ ನಮೂದಿಸಿದ್ದೇನೆ:

“ಸಾರ್, ಅವತ್ತು ಸುಳ್ಳು ಹೇಳ್ದೆ. ಲೇಹ್‌ನಲ್ಲಿ ನಂಗೆ ತುಂಬಾ ಹುಷಾರ್ ತಪ್ಪಿತ್ತು. ನನ್ನ ನಂಬ್ಕೊಂಡು ಇವ್ರನ್ನ ಕಳಿಸ್ಬೇಡಿ.”