ವ್ಯಾಸಪೀಠದ ಮೇಲೆ ಲಂಡನ್ನು

ಏಕನಾಥ ಮಾಡಿದ ತಪ್ಪು ಇಷ್ಟೇ: ಕಾದಂಬರಿಯನ್ನು ವ್ಯಾಸಪೀಠದ ಮೇಲೆ ಇಟ್ಟ.

ಇಡದೆ ಗತಿಯೂ ಇರಲಿಲ್ಲ ಅನ್ನಿ. ಪುಸ್ತಕದ ರಟ್ಟು ಎಂದೋ ಹರಿದುಹೋಗಿತ್ತು, ಹೊಲಿಗೆ ಬಿಚ್ಚಿತ್ತು, ಕೈಯಲ್ಲಿ ಹಿಡಿದರೆ ಹಾಳೆಗಳು ಮಡಿಲಿಗೆ ಉದುರುತ್ತಿದ್ದವು. ಔರಾದಿನಲ್ಲಿ ಅವನಿದ್ದ ಬಾಡಿಗೆ ಮನೆಯ ಪಡಸಾಲೆಯಲ್ಲಿ, ಮನೆಯೊಡತಿ ಸುಭದ್ರಾಬಾಯಿ ಶ್ರಾವಣದಲ್ಲಿ ಪುರಾಣದ ಪೋಥಿ ಓದಿಸುವ ಮರದ ಪೀಠ ಸುಮ್ಮನೆ ಕೂತಿತ್ತು. ಪುಸ್ತಕವನ್ನು ಅದರ ಮೇಲೆ ಹರವಿ, ಸಾಲಿನ ಕೆಳಗೆ ಬೆರಳಿಟ್ಟು, ಏಕನಾಥ ಜೋರಾಗಿ ಓದತೊಡಗಿದ.

ಬೀದರ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ತಹಸೀಲ ಕಚೇರಿಯ ಗುಮಾಸ್ತ ಏಕನಾಥನ ಉರ್ದು ಬರಹ ಮುತ್ತಿನಂಥದ್ದು. ಕನ್ನಡವನ್ನು ಹುಟ್ಟಿದಾಗಿನಿಂದ ಆಡಿದ್ದನಾದರೂ ಅದರ ಅಕ್ಷರಗಳ ಪರಿಚಯ ಮೊನ್ನೆ ಮೊನ್ನೆಯದು. ಆ ಸಂಜೆ ಮೈಸೂರು ಕಡೆಯ ಸಾಹೇಬರೊಬ್ಬರು ಬಂದು ಕಚೇರಿಯ ಎಲ್ಲರಿಂದ ಕನ್ನಡ ಓದಿಸಿ ನೋಡುವವರಿದ್ದರು. ಓದಿದವನ ನೌಕರಿ ಖಾಯಂ. ತಡವರಿಸಿದವನ ಗತಿಯನ್ನು ನೆನೆದರೇ ಏಕನಾಥನಿಗೆ ಅನ್ನ ಇಳಿಯುತ್ತಿರಲಿಲ್ಲ. ಅದಕ್ಕೇ ಗೆಳೆಯ ಉಸ್ಮಾನ ಮಿಯಾ ಬೀದರಿನಿಂದ ಈ ಪುಸ್ತಕ ತಂದುಕೊಟ್ಟಿದ್ದ.

"ಹರೇದ ಹುಡುಗರು ಓದೋದು, ಭಾಳ ಸುಲಭ ಅದ," ಎಂದಿದ್ದ ಮಿಯಾ. "ನಾ ಅಂತೂ ಓದಿಲ್ಲಪಾ."

ಕತೆಯೇನೋ ಸುಲಭವೇ. ಸುಧಾಕರನೆಂಬ ತರುಣ ಪ್ರೀತಿಸಿದ ಹುಡುಗಿ ಬೇರೆಯವನನ್ನು ಮದುವೆಯಾದಳು. ಸುಧಾಕರ ಒಡೆದ ಎದೆ ಹೊತ್ತುಕೊಂಡು ಹಡಗು ಹತ್ತಿ ಲಂಡನ್ನಿಗೆ ಹೋದ. ಅಲ್ಲಿ ನದಿಯ ದಂಡೆಯಲ್ಲಿ ನಿಂತು ನಿಟ್ಟುಸಿರು ಬಿಟ್ಟ. ಮುಂದಿನ ಪುಟದಲ್ಲೂ ಅಲ್ಲೇ ನಿಂತು ಅದನ್ನೇ ಬಿಟ್ಟ.

ಮೊದಲ ನಿಟ್ಟುಸಿರಿಗೇ ಸುಭದ್ರಾಬಾಯಿ ಒಳಗಿನಿಂದ ಬಂದಳು. ಪೀಠದ ಮೇಲೆ ಪುಸ್ತಕ ಕಂಡದ್ದೇ ತಡ, ತಲೆಯ ಮೇಲೆ ಸೆರಗೆಳೆದುಕೊಂಡು, ಕೈ ತೊಳೆದು, ಹಾಳೆಗೆ ಅರಿಶಿನ ಕುಂಕುಮ ಏರಿಸಿ ದೀಪ ಹಚ್ಚಿಬಿಟ್ಟಳು.

"ಪೋಥಿ ಶುರು ಮಾಡೀಯೇನು ತಮ್ಮಾ? ಒಂದು ಮಾತು ಹೇಳಬಾರದಾ!"

"ಇದು ಪೋಥಿ ಅಲ್ರಿ ಕಾಕು, ಕಾದಂಬರಿ ಅದರಿ."

"ಯಾರ ಕಥಿ ಆದರೇನು? ಪೀಠಕ್ಕ ಏರ್ಯಾದ, ಕುಂಕುಮ ಬಿದ್ದದ. ಇನ್ನ ಮುಗಿಸೇ ಏಳಬೇಕು. ಅರ್ಧಕ್ಕ ಎದ್ದರ ಮನಿಗಿ ಛಲೋ ಅಲ್ಲ."

ಅವಳು ಓಣಿಗೆಲ್ಲ ಕೂಗಿ ಹೇಳಿದಳು. ಕುರಿಗಳನ್ನು ಗಂಡನಿಗೆ ಒಪ್ಪಿಸಿ ಎದುರು ಮನೆಯ ಸತ್ಯಮ್ಮ ಬಂದಳು. ಆಕೆಯ ಹಿಂದೆ ಅರ್ಧ ಓಣಿ ಬಂದು ಪಡಸಾಲೆ ತುಂಬಿತು. ಸುಧಾಕರ ಮಾತ್ರ ನದಿ ಬಿಟ್ಟು ಕದಲಲಿಲ್ಲ.

"ಊಟ ಮಾಡ್ಯಾನೇನ್ರಿ ಅಂವಾ?" ಸತ್ಯಮ್ಮ ಕೇಳಿದಳು.

"ಪುಸ್ತಕದಾಗ ಬರದಿಲ್ಲರಿ."

"ಕುರಿಗಿ ನೀರು ಕುಡಸಾಕ ಬಂದಾನೇನು?"

"ಇಲ್ಲರಿ. ಹಂಗೇ ನಿಂತಾನ."

"ಅವ್ವ ಮನ್ಯಾಗ ಹಾದಿ ಕಾಯ್ತಿರತಾಳ, ಇಂವ ಇಲ್ಲಿ ಹಂಗೇ ನಿಂತಾನ!" ಎಂದು ಸತ್ಯಮ್ಮ ಸಿಟ್ಟಾದಳು.

ಸಂಜೆಯಾದ ಮೇಲೆ ಉಸ್ಮಾನ ಮಿಯಾ ಏದುಸಿರು ಬಿಡುತ್ತ ಬಂದ. "ಏಕನಾಥ, ಸಾಹೇಬ್ರು ಬಂದಾರ! ಎಲ್ಲಾರದೂ ಆಯ್ತು, ನಿಂದೊಂದೇ ಬಾಕಿ ಅದ!"

ಏಕನಾಥ ಎದ್ದ. ಸುಭದ್ರಾಬಾಯಿ ಅವನ ಭುಜ ಹಿಡಿದು ಕೂರಿಸಿದಳು. "ಪಾರಾಯಣ ನಡದದ, ಏಳಂಗಿಲ್ಲ ಅಂತ ನಿಮ್ಮ ಸಾಹೇಬಗ ಹೇಳು ಮಿಯಾ."

ಮಿಯಾ ಹಣೆ ಚಚ್ಚಿಕೊಂಡು ಓಡಿದ. ಬೆವೆತ ಏಕನಾಥ ಬೇಗ ಮುಗಿಸಲೆಂದು ಒಂದು ಹಿಡಿ ಹಾಳೆ ಒಟ್ಟಿಗೆ ಮಗುಚಿದ.

"ಅಷ್ಟೂ ಹಾರಸ್ತೀರೇನ್ರಿ?" ಸತ್ಯಮ್ಮ ಗದರಿದಳು. "ನಮಗ ಓದಾಕ ಬರಂಗಿಲ್ಲ ಖರೇ, ಕಣ್ಣು ಕಾಣತಾವ."

ಇನ್ನು ಉಳಿದದ್ದು ಒಂದೇ ದಾರಿ. ಏಕನಾಥ ಹಾಳೆಗಳನ್ನು ಒಂದೊಂದಾಗಿ, ಭಕ್ತಿಯಿಂದ ಮಗುಚುತ್ತ, ಬಾಯಿಗೆ ಬಂದ ಕತೆ ಹೇಳತೊಡಗಿದ. ಸುಧಾಕರನನ್ನು ನದಿಯ ದಂಡೆಯಿಂದ ಕದಲಿಸಿ ಹಡಗು ಹತ್ತಿಸಿದ. ಮುಂಬಯಿಯಲ್ಲಿ ಇಳಿಸಿ, ವಿಕಾರಾಬಾದಿನಲ್ಲಿ ಗಾಡಿ ಬದಲಿಸಿ, ತನ್ನ ಸ್ವಂತ ಊರಾದ ಭಾಲ್ಕಿಯ ಸ್ಟೇಶನ್ನಿಗೆ ತಂದ. ಅಲ್ಲಿ ಸುಧಾಕರನ ತಾಯಿ ರೊಟ್ಟಿ, ಪುಂಡಿಪಲ್ಯದ ಗಂಟು ಹಿಡಿದು ನಿಂತಿದ್ದಳು. "ಹೋದಾಕಿ ಹೋಗಲಿ ಬಿಡು ಮಗನ, ನೀ ಬಂದ್ಯಲ್ಲ," ಎಂದಳು. ಅದು ಏಕನಾಥನ ತಾಯಿಯದೇ ದನಿ. ಸತ್ಯಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಠಾಣಾ ಕುಶನೂರಿನ ಹುಡುಗಿಯೊಂದಿಗೆ ಸುಧಾಕರನ ಮದುವೆ. ಕತೆ ಮುಗಿದು ಪಡಸಾಲೆಯಲ್ಲಿ ಮಂಗಳಾರತಿ, ಸಕ್ಕರೆ ಕೊಬ್ಬರಿ ಪ್ರಸಾದ.

"ನಿಮ್ಮ ಹೊಟ್ಟಿ ತಣ್ಣಗಿರಲಿರಿ," ಎಂದಳು ಸತ್ಯಮ್ಮ. "ನನ್ನಂಥಾಕಿಗಿ ಕುಂಡ್ರಿಸಿ ಯಾರೂ ಕಥಿ ಹೇಳಿದ್ದಿಲ್ಲ." ಏಕನಾಥನಿಗೆ ಒಂದು ಗಳಿಗೆ ನೌಕರಿಯೇ ಮರೆತುಹೋಯಿತು. ಇಷ್ಟು ಜನರ ಹರಕೆ ಸಿಕ್ಕಿತಲ್ಲ ಎಂದು ಅವನ ಮನಸ್ಸು ತುಂಬಿ ಬಂತು.

ಆಗ ಬಾಗಿಲಲ್ಲಿ ಕೋಟು ತೊಟ್ಟವರೊಬ್ಬರು ಕನ್ನಡಕ ಒರೆಸಿಕೊಳ್ಳುತ್ತಿರುವುದು ಕಂಡಿತು. ಅವರ ಹಿಂದೆ ಉಸ್ಮಾನ ಮಿಯಾ ಕಣ್ಸನ್ನೆ ಮಾಡುತ್ತಿದ್ದ. ಏಕನಾಥ ದಡಬಡಿಸಿ ಅಂಗಳಕ್ಕೆ ಹೋದ.

"ಕನ್ನಡದ ಪಾರಾಯಣ ಅಂದ್ರು, ನಾನೇ ಕೇಳೋಣ ಅಂತ ಬಂದೆ," ಎಂದರು ಸಾಹೇಬರು. "ಎಷ್ಟು ಸರಾಗವಾಗಿ ಓದಿದ್ರಿ! ಆದರೆ ಸುಧಾಕರ ಕೊನೆಗೆ ಪ್ಯಾರಿಸ್ಸಿನಲ್ಲಿ ಸತ್ತುಹೋಗ್ತಾನಲ್ಲ?"

ಏಕನಾಥನ ಜೀವ ಅರ್ಧ ಹಾರಿತು. "ತಮಗ ಹ್ಯಾಂಗ ಗೊತ್ತಾಯ್ತರಿ?"

"ಸಾಯಿಸಿದ್ದು ನಾನೇ."

ಏಕನಾಥನ ಕೈ ತಾನಾಗಿ ಮುಗಿದುಕೊಂಡಿತು. ಸಾಹೇಬರು ಆ ಕೈಗಳನ್ನು ಹಿಡಿದುಕೊಂಡರು. "ನಾನು ಬರೆದ ಈ ಕಾದಂಬರೀನ ಕಡೇತನಕ ಕೂತು ಕೇಳಿದವರು ಒಬ್ಬರೂ ಇಲ್ಲ ಕಣ್ರೀ, ನನ್ನ ಹೆಂಡತೀನೂ ಸೇರಿ. ಇವತ್ತು ಜನ ಅತ್ತಿದ್ದು ಕಣ್ಣಾರೆ ಕಂಡೆ. ನಿಮ್ಮ ಉಪಕಾರ ಯಾವತ್ತೂ ಮರೆಯೋಲ್ಲ."

"ಹಂಗಾದರ ನೌಕರಿ ಖಾಯಂ ಆಯ್ತೇನ್ರಿ?"

"ಅದು ಹೇಗಾಗುತ್ತೆ? ಬರೆದದ್ದನ್ನ ಓದಬೇಕು ಅಂತ ಹುಕುಂ. ಬರೆಯದೇ ಇದ್ದದ್ದನ್ನ ನೀವು ಓದಿದ್ರಿ. ಮುಂದಿನ ತಿಂಗಳು ಮತ್ತೆ ಬರ್ತೀನಿ, ಮೊದಲಿನಿಂದ ಇದ್ದದ್ದು ಇದ್ದ ಹಾಗೆ ಓದಿಬಿಡಿ. ಅಲ್ಲೀವರೆಗೆ ಹಂಗಾಮಿ." ಸಾಹೇಬರು ಚೀಲದಿಂದ ಹೊಚ್ಚ ಹೊಸ ದಪ್ಪ ಪುಸ್ತಕವೊಂದನ್ನು ತೆಗೆದರು. "ಇದು ನನ್ನ ಕೃತಜ್ಞತೆಗೆ. ಎರಡನೇ ಭಾಗ."

"ಸತ್ತ ಮ್ಯಾಲ ಎರಡನೇ ಭಾಗ ಹ್ಯಾಂಗರಿ?"

"ಇದರಲ್ಲಿ ಅವನ ಆತ್ಮ ಅಮೆರಿಕಕ್ಕೆ ಹೋಗುತ್ತೆ."

ಬೇಡವೆನ್ನಲು ಏಕನಾಥ ಬಾಯಿ ತೆರೆಯುವಷ್ಟರಲ್ಲಿ ಸುಭದ್ರಾಬಾಯಿ ಬಂದು, ಆ ಪುಸ್ತಕವನ್ನು ಎರಡೂ ಕೈಯಿಂದ ಕಣ್ಣಿಗೊತ್ತಿಕೊಂಡು ಒಳಗೆ ಒಯ್ದಳು. ಅವನು ಹಿಂದೆಯೇ ಓಡಿದ. ಅಷ್ಟರಲ್ಲಿ ಕುಂಕುಮ ಬಿದ್ದಾಗಿತ್ತು.