ಗಡಿಯಾರ ಒತ್ತುವುದನ್ನು ಕಲಿಸದ ಚದುರಂಗದ ಗುರುಗಳಿಗೆ

ನನ್ನ ಮೊಬೈಲಿನೊಳಗೆ ಬಿಡಾರ ಹೂಡಿರುವ ಚದುರಂಗ ತರಬೇತಿ ಯಂತ್ರದ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಚಾರ್ಜಿನಲ್ಲಿ ಕ್ಷೇಮವಾಗಿರುವಿರೆಂದು ನಂಬಿ, ಸಾಷ್ಟಾಂಗ ವಂದನೆಗಳೊಡನೆ ಈ ಬಹಿರಂಗ ಪತ್ರವನ್ನು ಬರೆಯುತ್ತಿದ್ದೇನೆ. ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವನು. ವಾರಕ್ಕೆರಡು ಸಂಜೆ ಚದುರಂಗದ ಕ್ಲಬ್ಬಿಗೆ ಹೋಗಿ, ಏಳು ವರ್ಷಗಳಿಂದ ಹೆಚ್ಚುಕಡಿಮೆ ತಪ್ಪದೆ ಸೋತು ಬರುವವನು. ನಮ್ಮಲ್ಲಿ ಸೋತವನೇ ಕಾಯಿಗಳನ್ನು ಡಬ್ಬಿಗೆ ತುಂಬಬೇಕೆಂಬ ಪದ್ಧತಿಯಿದೆ. ಹೀಗಾಗಿ ಆ ಡಬ್ಬಿಯ ಮುಚ್ಚಳ ಯಾವ ಮೂಲೆಯಲ್ಲಿ ಕಚ್ಚಿಕೊಳ್ಳುತ್ತದೆಂಬುದು ನನ್ನಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿಲ್ಲ.

ಈ ಸಲ ಪಕ್ಕದೂರಿನ ಕ್ಲಬ್ಬಿನ ಮೇಲೆ ಆಡುವ ನಮ್ಮ ತಂಡದಲ್ಲಿ ನಾಲ್ಕನೆಯ, ಅಂದರೆ ಕಟ್ಟಕಡೆಯ ಸ್ಥಾನ ಖಾಲಿಯಾಯಿತು. ಆಕಾಂಕ್ಷಿಗಳು ಇಬ್ಬರು, ನಾನು ಮತ್ತು ನನ್ನ ಷಡ್ಡಕರು. ಅವರ ಹೆಂಡತಿ ನನ್ನ ಹೆಂಡತಿಯ ಅಕ್ಕನಾದ್ದರಿಂದ, ನಾನು ಅವರೆದುರು ಸೋತ ಸುದ್ದಿ ನನಗಿಂತ ಮುಂಚೆ ಮನೆ ಸೇರಿರುತ್ತದೆ. ಅವರು ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವವರು; ತಪ್ಪು ಮಾಡಿದವನು ತಾನಾಗಿಯೇ ಬೆವರುವವರೆಗೆ ತುಟಿ ಪಿಟಕ್ಕೆನ್ನದೆ ನಿಲ್ಲುವ ವಿದ್ಯೆ ಅವರಿಗೆ ಕರತಲಾಮಲಕ. ಅವರನ್ನು ನಾನು ಒಮ್ಮೆಯೂ ಸೋಲಿಸಿರಲಿಲ್ಲ. ಆ ಸ್ಥಾನ ನನಗೆ ಬೇಕಿತ್ತು, ನಾಚಿಕೆ ಬಿಟ್ಟು ಹೇಳುತ್ತೇನೆ, ತುಂಬಾ ಬೇಕಿತ್ತು. ಆದ್ದರಿಂದಲೇ ನಾಲ್ಕು ತಿಂಗಳ ಹಿಂದೆ ತಮ್ಮ ಪಾದ ಹಿಡಿದೆ.

ತಮ್ಮ ಬೋಧನಾಕ್ರಮವನ್ನು ಹೊಗಳಲು ನನ್ನಲ್ಲಿ ಪದಗಳಿಲ್ಲ. ಇರುವ ಪದಗಳನ್ನು ಸಭ್ಯರ ಮುಂದೆ ಬಳಸುವಂತಿಲ್ಲ. ನಾನು ಕುದುರೆಯ ಮೇಲಿಂದ ಬೆರಳು ತೆಗೆಯುವಷ್ಟರಲ್ಲಿ 'ಘೋರ ಪ್ರಮಾದ' ಎಂದು ಕೆಂಪಕ್ಷರದಲ್ಲಿ ಸಾರುವ ತಮ್ಮ ಚುರುಕುತನಕ್ಕೂ, ಬಿಟ್ಟಿ ಸಿಕ್ಕ ಒಂಟೆಯನ್ನು ಹೊಡೆಯುವುದಕ್ಕಿಂತ ಮೂಲೆಯ ಕಾಲಾಳನ್ನು ಒಂದು ಮನೆ ಸರಿಸುವುದೇ ಲೇಸೆಂದು ಹೇಳಿ, ಏಕೆಂದು ಕೇಳಿದರೆ ಹದಿನೆಂಟು ನಡೆಗಳ ಪಟ್ಟಿಯನ್ನು ಮುಖಕ್ಕೆ ಹಿಡಿಯುವ ತಮ್ಮ ಕರುಣೆಗೂ ನಾನು ಚಿರಋಣಿ. ಹಳೆಯ ಮೇಷ್ಟ್ರುಗಳು ಕಿವಿ ಹಿಂಡುತ್ತಿದ್ದರು ನಿಜ, ಆದರೆ ಹಿಂಡಿದ ಮೇಲೆ ಊಟ ಆಯಿತೇನೋ ಎಂದಾದರೂ ಕೇಳುತ್ತಿದ್ದರು. ನನ್ನ ಹೆಂಡತಿ ಒಂದು ಸಂಜೆ ಅಡುಗೆಮನೆಯಿಂದಲೇ, ಅದು ಬೈಯೋದನ್ನ ಕೇಳೋಕೆ ಎರಡು ಗಂಟೆ ಕೂರ್ತೀರಿ, ನಾನು ಬೈದ್ರೆ ಎರಡು ನಿಮಿಷಾನೂ ನಿಲ್ಲಲ್ಲವಲ್ಲ ಎಂದಳು. ನಾನು ಮುಂದಿನ ಆಟಕ್ಕೆ ಕಾಯಿ ಹೂಡಿದೆ, ತಾವು ಮತ್ತೆ ಬೈಯಲು ತೊಡಗಿದಿರಿ.

ಕಳೆದ ಗುರುವಾರ ಆಯ್ಕೆಯ ಆಟ ನಡೆಯಿತು. ಇಪ್ಪತ್ಮೂರನೆಯ ನಡೆಯಲ್ಲಿ, ಷಡ್ಡಕರ ರಾಜನಿಗೂ ಆನೆಗೂ ಒಟ್ಟಿಗೆ ಕಂಟಕವಾಗುವ ಮನೆಗೆ ನನ್ನ ಕುದುರೆಯನ್ನು ಹಾರಿಸಿದೆ. ರಾಜ ಸರಿಯಲೇಬೇಕು, ಆನೆ ಹೋಗಲೇಬೇಕು. ಎದುರಾಳಿಯ ಮುಂದೆ ಹಲ್ಲು ಕಿಸಿಯಬಾರದೆಂಬ ಮರ್ಯಾದೆಗೆ, ಕೈ ಹಿಂದೆ ಕಟ್ಟಿಕೊಂಡು ವರಾಂಡಕ್ಕೆ ನಡೆದೆ. ಅಲ್ಲಿ ನೋಟೀಸ್ ಬೋರ್ಡಿನ ಮುಂದೆ ನಿಂತು ಬರಲಿರುವ ಪಂದ್ಯಕ್ಕೆ ಯಾವ ಅಂಗಿ ಹಾಕಿಕೊಳ್ಳುವುದೆಂದು ಯೋಚಿಸಿ, ಒಂಬತ್ತು ನಿಮಿಷ ಬಿಟ್ಟು ಬಂದರೆ, ಗಡಿಯಾರದಲ್ಲಿ ನನ್ನ ಕಡೆಯ ಬಾವುಟವೇ ಬಿದ್ದಿತ್ತು, ಅಂದರೆ ನನ್ನ ಸಮಯ ಮುಗಿದು ಆಟ ಸೋತಿದ್ದೆ.

ಮಾನ್ಯರೇ, ತಮ್ಮಲ್ಲಿ ಕಾಯಿ ಇಟ್ಟೊಡನೆ ಗಡಿಯಾರ ತಾನಾಗಿಯೇ ಎದುರಾಳಿಯ ಕಡೆಗೆ ಹೊರಳುತ್ತದೆ. ನಮ್ಮ ಬಡ ಕ್ಲಬ್ಬಿನಲ್ಲಿ ಅದರ ಗುಂಡಿಯನ್ನು ಆಡಿದವನೇ ಒತ್ತಬೇಕು. ಏಳು ವರ್ಷ ಮರೆಯದ ಆ ಕೆಲಸವನ್ನು ನನ್ನ ಕೈ ತಮ್ಮ ಸಹವಾಸದಲ್ಲಿ ನಾಲ್ಕೇ ತಿಂಗಳಿಗೆ ಮರೆತಿತ್ತು. ಆಟ ನಡೆಯುವಾಗ ಯಾರೂ ಮಾತಾಡಬಾರದೆಂಬ ನಿಯಮಕ್ಕೆ ತಲೆಬಾಗಿ ಷಡ್ಡಕರು ಫ್ಯಾನ್ ನೋಡುತ್ತ ಕುಳಿತಿದ್ದರು. ಕ್ಲಬ್ಬಿನ ಕಾರ್ಯದರ್ಶಿಗಳು ಎರಡು ಸಲ ಜೋರಾಗಿ ಕೆಮ್ಮಿದ್ದು ವರಾಂಡಕ್ಕೆ ಕೇಳಿಸಿತ್ತು; ಪಾಪ, ಶೀತವಾಗಿರಬೇಕೆಂದುಕೊಂಡಿದ್ದೆ. ಮನೆಗೆ ಬಂದರೆ, ಊರಿಗೆಲ್ಲ ಕಣ್ಣು ಸರಿಮಾಡಿ ಕೊಡ್ತೀರಿ, ಎದುರಿಗಿರೋ ಗಡಿಯಾರ ಕಾಣಲಿಲ್ವಾ ಎಂಬ ಹೆಂಡತಿಯ ಪ್ರಶ್ನೆ ಬಾಗಿಲಲ್ಲೇ ಕಾದಿತ್ತು. ಸಮಾಧಾನಕ್ಕೆಂದು ಆಟವನ್ನು ತಮಗೆ ಒಪ್ಪಿಸಿದರೆ, ತಾವು ಶೇಕಡಾ ತೊಂಬತ್ತಾರು ನಿಖರವೆಂದು ಪರದೆಯ ತುಂಬ ಬಣ್ಣದ ಕಾಗದ ಹಾರಿಸಿ ಅಭಿನಂದಿಸಿದಿರಿ.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ ಒಂದು ಸಂಜೆ ನಮ್ಮ ಕ್ಲಬ್ಬಿಗೆ ಸ್ವತಃ ದಯಮಾಡಿಸಬೇಕು. ಕಾಲು ಕುಂಟುವ ಬೆಂಚಿನ ಮೇಲೆ ಕುಳಿತು, ಎದುರಿನವರು ನಿಮಿಷಕ್ಕೊಮ್ಮೆ ಮೂಗೆಳೆಯುವುದನ್ನು ಕೇಳುತ್ತ, ಮನೆಗೆ ಬೇಳೆ ಒಯ್ಯಬೇಕೆಂಬುದನ್ನೂ ನೆನಪಿಟ್ಟುಕೊಂಡು ಒಂದು ಆಟ ಆಡಿ ತೋರಿಸಬೇಕು. ಸೋತರೆ ಕಾಯಿ ತುಂಬಿಡಬೇಕು. ಅದಾಗದಿದ್ದರೆ ನನ್ನ ಹೆಂಡತಿಗೂ ಅವಳ ಅಕ್ಕನಿಗೂ ನಾನು ಗೆದ್ದಿದ್ದೆನೆಂದು ತಾವೇ ಫೋನ್ ಮಾಡಿ ಹೇಳಬೇಕಾಗಿ ವಿನಂತಿ.

ಇಂತು, ದಿನಕ್ಕೆ ಮೂರು ಬಾರಿ ತಮ್ಮಿಂದ ಸೋಲುತ್ತಿರುವ,
ತಮ್ಮ ವಿಶ್ವಾಸಿ,
ಕನ್ನಡಕದಂಗಡಿಯವನು

ಮರೆತ ಮಾತು: ಆ ಇಪ್ಪತ್ಮೂರನೆಯ ನಡೆಗೆ ತಾವು ಬರಿಯ 'ಪರವಾಗಿಲ್ಲ' ಎಂದು ಷರಾ ಹಾಕಿದ್ದೀರಿ. ನಿನ್ನೆ ಷಡ್ಡಕರು ಕನ್ನಡಕದ ಸ್ಕ್ರೂ ಬಿಗಿಮಾಡಿಸುವ ನೆಪದಲ್ಲಿ ಅಂಗಡಿಗೆ ಬಂದು, ಅರ್ಧ ಗಂಟೆ ಒಂದೊಂದೇ ಫ್ರೇಮು ಹಾಕಿ ತೆಗೆದು, ಹೊರಡುವಾಗ ಹೇಳಿದರು: ಕುದುರೆ ಅಲ್ಲಿಗೆ ಬಂದಾಗ ಹೆದರಿ ಲೋಟದ ನೀರನ್ನ ಮೈಮೇಲೆ ಚೆಲ್ಲಿಕೊಂಡೆ ಕಣೋ, ನೀನು ಎದ್ದು ಹೋಗಿದ್ದೆ, ನೋಡಲಿಲ್ಲ, ತಂಡದ ಜಾಗ ಬಿಟ್ಟುಕೊಡೋವಷ್ಟು ದೊಡ್ಡ ಮನುಷ್ಯ ನಾನಲ್ಲ, ಆದ್ರೆ ಇದನ್ನ ಹೇಳದೆ ಇರೋಕಾಗಲಿಲ್ಲ. ತಮ್ಮೆದುರು ಮುನ್ನೂರಕ್ಕೂ ಹೆಚ್ಚು ಸಲ ಕುಳಿತಿದ್ದೇನೆ, ತಾವು ಒಮ್ಮೆಯೂ ನನಗೆ ಹೆದರಿದವರಲ್ಲ. ಹೆದರಲು ಬಾರದವರು ನಡೆಗಳಿಗೆ ಬೆಲೆ ಕಟ್ಟುವುದು ತರವಲ್ಲವೆಂದು ತಿಳಿದು, ಆ ಷರಾವನ್ನು ದಯವಿಟ್ಟು ತಿದ್ದಿಕೊಳ್ಳಿ.